ಕೇಳಿದವನಿಗೆ ಕೊಡತಕ್ಕ ಪುಸ್ತಕ

ಅನ್ನದಾನಕ್ಕಿಂತ ವಿದ್ಯಾದಾನವು ಮಿಗಿಲೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಅನ್ನವನ್ನಿಕ್ಕುವವನು ಉಣ್ಣುವವನ ಹಸಿವನ್ನು ನೋಡಿ ಬಡಿಸುವನು. ಪುಸ್ತಕವನ್ನು ಕೊಡುವವನಾದರೋ ಅನೇಕ ವೇಳೆ ತನ್ನ ಇಷ್ಟವನ್ನೇ ನೋಡಿ ಕೊಡುವನು. ಕೇಳಿದವನಿಗೆ ಬೇಕಾದುದೇನೆಂಬ ವಿಚಾರವಿಲ್ಲದೆ, ಅವನು ಏನಾಗಬೇಕೆಂದು ಕೊಡುವವನು ಬಯಸುವನೋ ಅದಕ್ಕೆ ತಕ್ಕ ಗ್ರಂಥವೇ ಕಪಾಟಿನಿಂದ ಕೆಳಗಿಳಿಯುವುದು. ಸಾಮಾನ್ಯ ಓದುಗನ ವಿಷಯದಲ್ಲಿ ಈ ದೋಷವು ಕ್ಷಮ್ಯವೆನ್ನಬಹುದು. ಒಂದು ಬಗೆಯ ಓದುಗನ ವಿಷಯದಲ್ಲಿ ಮಾತ್ರ ಅದು ಕ್ರೌರ್ಯವೇ ಆಗಿ ಪರಿಣಮಿಸುತ್ತದೆ.

ಆ ಓದುಗನಾರೆಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಬೇಕು. ಹುಟ್ಟಿದಾಗ ಮನೆಯವರು ಹೆಣ್ಣೆಂದು ತಿಳಿದು ಹೆಣ್ಣಿನ ಹೆಸರಿಟ್ಟು ಬೆಳೆಸಿದ, ಬರಬರುತ್ತ ತಾನು ಗಂಡೆಂಬುದನ್ನು ತನ್ನೊಳಗೆ ಅರಿತ, ಪ್ರಾಯಕ್ಕೆ ಬಂದ ಮೇಲೆ ಗಂಡಾಗಿಯೇ ಬಾಳುತ್ತಿರುವ ತರುಣನನ್ನು ಈಗಿನವರು ಪರಿವರ್ತಿತ ಪುರುಷನೆಂದೂ ಟ್ರಾನ್ಸ್ ಪುರುಷನೆಂದೂ ಕರೆಯುತ್ತಾರೆ. ಇಂಥವರಲ್ಲಿ ಸ್ತ್ರೀಯರನ್ನು ಪ್ರೀತಿಸುವವರುಂಟು. ಪುರುಷರನ್ನು ಪ್ರೀತಿಸುವವರೂ ಉಂಟು. ಎರಡನೆಯವನು ಪರಿವರ್ತಿತ ಪುರುಷನೂ ಹೌದು, ಸಲಿಂಗಪ್ರೇಮಿಯೂ ಹೌದು. ಇಪ್ಪತ್ತು ಇಪ್ಪತ್ತೆರಡು ವರ್ಷದ ಇಂಥ ಒಬ್ಬ ತರುಣನು ತನ್ನೂರಿನ ಓದುಬಲ್ಲ ಹಿರಿಯನೊಬ್ಬನ ಬಳಿಗೆ ಬಂದು, ತನ್ನಂಥವರನ್ನು ಕುರಿತು ಓದಲು ಏನಾದರೂ ಇದೆಯೆ ಎಂದು ಕೇಳುತ್ತಾನೆಂದು ಭಾವಿಸಬಹುದು. ಆ ಪ್ರಶ್ನೆಯನ್ನು ಬಾಯಿಂದ ಹೊರಡಿಸುವುದಕ್ಕೆ ಅವನು ಎಷ್ಟು ತಿಂಗಳು ಯೋಚಿಸಿದ್ದಾನೋ ಹೇಳಲಾಗದು. ಉತ್ತರಕ್ಕೆ ಹಿರಿಯನು ತೆಗೆದುಕೊಳ್ಳುವ ಕಾಲವಾದರೋ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಆಗುವ ತಪ್ಪುಗಳನ್ನು ಎತ್ತಿತೋರಿಸುವುದೇ ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಅವನ ಕೈಗೆ ಬೀಳುವ ಪುಸ್ತಕಗಳು ಮೂರು ತರದವು. ಮೊದಲನೆಯದು ನೀತಿಗ್ರಂಥ. ಮನಸ್ಸನ್ನು ಹತೋಟಿಯಲ್ಲಿಡುವ ಬಗೆ, ಬ್ರಹ್ಮಚರ್ಯದ ಮಹಿಮೆ ಮೊದಲಾದುವುಗಳನ್ನು ಹೇಳುವ ಈ ಪುಸ್ತಕವನ್ನು ಕೊಡುವವನು ಬಾಯಲ್ಲಿ ಏನನ್ನೂ ಹೇಳುವುದಿಲ್ಲ. ಆದರೆ ‘ನೀನು ತಿದ್ದಿಕೊಳ್ಳತಕ್ಕವನು’ ಎಂಬ ಮಾತನ್ನು ಹೊದಿಕೆಯಲ್ಲಿ ಸುತ್ತಿ ಕೊಟ್ಟಿರುತ್ತಾನೆ. ಎರಡನೆಯದು ವೈದ್ಯಗ್ರಂಥ. ಅದರಲ್ಲಿ ತರುಣನು ಮನುಷ್ಯನಾಗಿ ಕಾಣುವುದಿಲ್ಲ, ರೋಗಿಯಾಗಿ ಕಾಣುತ್ತಾನೆ. ಔಷಧದ ವಿಷಯವನ್ನು ತಿಳಿಯಬೇಕಾದಾಗ ಅವನು ವೈದ್ಯನ ಬಳಿಗೇ ಹೋಗುವನು. ಹಿರಿಯನ ಬಳಿಗೆ ಬಂದುದು ಸಾಹಿತ್ಯಕ್ಕಾಗಿ. ಮೂರನೆಯದು ದುಃಖಾಂತವಾದ ಕಥೆ. ಇದನ್ನು ಕೊಡುವವರು ಕನಿಕರವುಳ್ಳವರು. ಅದರಿಂದಲೇ ಇವರ ತಪ್ಪನ್ನು ಯಾರೂ ಗುರುತಿಸುವುದಿಲ್ಲ. ಕಡೆಯ ಅಧ್ಯಾಯದಲ್ಲಿ ನಾಯಕನು ನೇಣಿಗೋ ನದಿಗೋ ಕೊಲೆಗೋ ಈಡಾಗುವ ಕಥೆಯನ್ನೋದಿ ಕೊಡುವವನು ಕಣ್ಣೊರಸಿಕೊಂಡು ತನ್ನ ಮನಸ್ಸು ವಿಶಾಲವಾಯಿತೆಂದುಕೊಳ್ಳಬಹುದು. ಅದನ್ನೇ ಓದಿದ ತರುಣನಿಗೆ ತಿಳಿಯುವುದಿಷ್ಟೆ: ತನ್ನ ಜಾತಕದಲ್ಲಿ ಇದೊಂದೇ ಫಲ ಬರೆದಿದೆ.

ಹಾಗಾದರೆ ಕೊಡತಕ್ಕದ್ದೇನು? ತನ್ನಂಥವನೇ ಆದೊಬ್ಬನು ತನ್ನ ಬಾಯಿಂದ ತನ್ನ ಬಾಳನ್ನು ಹೇಳಿರುವ ಪುಸ್ತಕವನ್ನು ಮೊದಲು ಕೊಡಬೇಕು, ಮಿಕ್ಕುವೆಲ್ಲ ಅನಂತರ. ಈ ಸಿದ್ಧಾಂತಕ್ಕೆ ಆಧಾರವಾಗಿ ಒಂದು ಜೀವಿತವನ್ನು ನೋಡಬಹುದು.

ಅಮೇರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕೀ ಪ್ರಾಂತದಲ್ಲಿ 1951ರಲ್ಲಿ ಕ್ಯಾಥೊಲಿಕ್ ಮನೆತನವೊಂದರಲ್ಲಿ ಹುಟ್ಟಿದವನು ಲೂ ಸಲಿವನ್. ಮನೆಯವರಿಗೆ ಅವನು ಮಗಳು. ಹತ್ತನೆಯ ವಯಸ್ಸಿನಲ್ಲಿ, ಎಂದರೆ 1961ರಲ್ಲಿ, ದಿನಚರಿ ಬರೆಯಲು ತೊಡಗಿದವನು ಸಾಯುವವರೆಗೂ ಅದನ್ನು ಬಿಡಲಿಲ್ಲ. ತಾನು ಗಂಡಾಗಬೇಕು, ಅದರಲ್ಲಿಯೂ ಗಂಡಸರನ್ನು ಪ್ರೀತಿಸುವ ಗಂಡಾಗಬೇಕು ಎಂಬ ಹಂಬಲವು ಅವನಲ್ಲಿ ಎಳೆಯಂದಿನಿಂದ ಬೆಳೆಯಿತು. ಇದಕ್ಕೆ ಹೆಸರೇನು, ಹೀಗೆ ಬಾಳಿದವರು ಹಿಂದೆ ಯಾರಾದರೂ ಇದ್ದರೆ ಎಂದು ಹುಡುಕಿದರೆ, ಅವನ ಕಾಲದ ಗ್ರಂಥಗಳು ಅವನಿಗೆ ಉತ್ತರ ಕೊಡಲಿಲ್ಲ. 1975ರಲ್ಲಿ ಅವನು ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋಗಿ ನೆಲಸಿದನು.

ಅಲ್ಲಿಯೂ ಸುಲಭವಾಗಲಿಲ್ಲ. ದೇಹವನ್ನು ಗಂಡಿನ ದೇಹವಾಗಿ ಮಾರ್ಪಡಿಸುವ ಚಿಕಿತ್ಸೆಯನ್ನು ಕೊಡುತ್ತಿದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚಿಕಿತ್ಸಾಲಯವು ಅವನ ಅರ್ಜಿಯನ್ನು ತಿರಸ್ಕರಿಸಿತು. ಕಾರಣವೇನೆಂದರೆ, ತಾನು ಗಂಡಸರನ್ನು ಪ್ರೀತಿಸುವವನೆಂಬುದನ್ನು ಅವನು ಮುಚ್ಚಿಡದೆ ಹೇಳಿದ್ದನು. ಗಂಡಾಗಬಯಸುವವನು ಹೆಣ್ಣನ್ನು ಪ್ರೀತಿಸತಕ್ಕದ್ದೆಂಬುದು ಆ ಕಾಲದ ವೈದ್ಯರ ನಂಬಿಕೆ. ಸುಳ್ಳು ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು, ಅವನು ಹೇಳಲಿಲ್ಲ. 1979ರಲ್ಲಿ ಬೇರೆಡೆಯಿಂದ ಪುರುಷ ಹಾರ್ಮೋನನ್ನು ಪಡೆದನು. 1980ರಲ್ಲಿ ಎದೆಯ ಶಸ್ತ್ರಚಿಕಿತ್ಸೆಯನ್ನೂ 1986ರಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡನು. ತಾನು ಹುಡುಕಿ ಕಾಣದಿದ್ದ ಪುಸ್ತಕವನ್ನು ತಾನೇ ಬರೆದನು: ಪರಿವರ್ತಿತ ಪುರುಷರಿಗೆ ಬೇಕಾದ ತಿಳಿವಳಿಕೆಯ ಕೈಪಿಡಿಯು 1980ರಲ್ಲಿ ಹೊರಬಂದಿತು. 1986ರಲ್ಲಿ ತನ್ನಂಥವರ ಸಂಘವೊಂದನ್ನು ಕಟ್ಟಿ ಅದಕ್ಕೊಂದು ವಾರ್ತಾಪತ್ರವನ್ನೂ ನಡೆಯಿಸಿದನು. ಅದೇ ವರ್ಷ ಅವನಿಗೆ ಏಡ್ಸ್ ರೋಗವಿರುವುದು ತಿಳಿಯಿತು. ಉಳಿದ ದಿನಗಳು ಕೆಲವೇ ಎಂದು ಬಲ್ಲವನಾದರೂ ಅವನು ಮನೋವೈದ್ಯನಾದ ಐರಾ ಪಾಲಿಯ ಮುಂದೆ ಕುಳಿತು ತನ್ನ ವೃತ್ತಾಂತವನ್ನು ಚಿತ್ರಮುದ್ರಿಕೆಯಲ್ಲಿ ದಾಖಲೆ ಮಾಡಿಸಿದನು; ತನ್ನಂಥವರು ಇದ್ದಾರೆಂಬುದನ್ನು ವೈದ್ಯಲೋಕವು ಕಣ್ಣಾರೆ ಕಾಣಲಿ ಎಂಬುದೇ ಅದರ ಉದ್ದೇಶ. 1991ನೆಯ ಇಸವಿಯ ಮಾರ್ಚಿ 2ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಎದ್ದು ನಿಲ್ಲುವುದು. ‘ಗಂಡಸರನ್ನು ಪ್ರೀತಿಸುವುದಾದರೆ ಹೆಣ್ಣಾಗಿಯೇ ಇದ್ದುಬಿಡಬಹುದಾಗಿತ್ತು, ಇಷ್ಟೆಲ್ಲ ಪ್ರಯಾಸವೇಕೆ?’ ಎಂದು ವಿದ್ಯಾವಂತರೇ ಕೇಳುತ್ತಾರೆ. ಸ್ಟ್ಯಾನ್‌ಫರ್ಡಿನ ವೈದ್ಯರು ಕೇಳಿದುದೂ ಇದನ್ನೇ. ಈ ಪ್ರಶ್ನೆಯಲ್ಲಿ ಎರಡು ಬೇರೆ ವಿಷಯಗಳ ಸಂಕರವಿದೆ. ತಾನು ಯಾರು ಎಂಬುದೊಂದು. ತನ್ನ ಮನಸ್ಸು ಯಾರ ಕಡೆಗೆ ಒಲಿಯುವುದೆಂಬುದು ಮತ್ತೊಂದು. ಕರ್ತೃವನ್ನು ಕರ್ಮದಿಂದ ನಿಶ್ಚಯಿಸುವ ವೈಯಾಕರಣನನ್ನು ಯಾವ ಪಾಠಶಾಲೆಯಲ್ಲಿಯೂ ಇಟ್ಟುಕೊಳ್ಳಲಾರರು. ಪ್ರೀತಿಯೆಂಬುದು ಎದುರಿಗಿರುವವನನ್ನು ಪಡೆಯುವುದಷ್ಟೇ ಅಲ್ಲ. ಅವನ ಎದುರಿಗೆ ತಾನು ತಾನಾಗಿ ನಿಲ್ಲುವುದೂ ಪ್ರೀತಿಯೇ. ಹೆಣ್ಣೆಂದು ಭಾವಿಸಿ ಒಲಿದವನ ಒಲವು ಸಲಿವನ್ನನಿಗೆ ಸೇರಲಿಲ್ಲ, ಅವನ ವೇಷಕ್ಕೆ ಸೇರಿತು. ವೇಷಕ್ಕೆ ಬಂದ ಕಾಣಿಕೆಯನ್ನು ತನ್ನದೆನ್ನಲು ಅವನು ಒಪ್ಪಲಿಲ್ಲ.

ಶಬ್ದಶಾಸ್ತ್ರವನ್ನೋದಿದವರು ಲಿಂಗದ ವಿಷಯದಲ್ಲಿ ಇಷ್ಟು ಆತುರಪಡಬಾರದು. ಹೆಂಡತಿಯೆಂಬೊಂದೇ ಅರ್ಥಕ್ಕೆ ಸಂಸ್ಕೃತದಲ್ಲಿ ‘ಭಾರ್ಯಾ’ ಎಂಬುದು ಸ್ತ್ರೀಲಿಂಗ, ‘ಕಲತ್ರ’ವೆಂಬುದು ನಪುಂಸಕಲಿಂಗ, ‘ದಾರ’ವೆಂಬುದು ಪುಲ್ಲಿಂಗ, ಅದೂ ಬಹುವಚನ. ಪಾಣಿನಿಯ ‘ಸ್ತ್ರಿಯಾಮ್’ ಎಂಬ ಸೂತ್ರದ ಮೇಲೆ ಭಾಷ್ಯವನ್ನು ಬರೆಯುವಾಗ ಪತಂಜಲಿಯು, ದೇಹದ ಹೊರಗುರುತುಗಳಿಂದಲೇ ಲಿಂಗವನ್ನು ನಿರ್ಣಯಿಸಬಹುದೆಂಬ ಪಕ್ಷವನ್ನು ಎತ್ತಿಕೊಂಡು, ಅದು ಎಲ್ಲೆಡೆಯಲ್ಲಿಯೂ ಸಲ್ಲದೆಂದು ಬಿಟ್ಟಿದ್ದಾನೆ. ಶಬ್ದದ ಲಿಂಗ ಬೇರೆ, ಮನುಷ್ಯನ ಲಿಂಗ ಬೇರೆ ಎಂಬುದು ನಿಜ. ಇದರಿಂದ ಅದು ಸಿದ್ಧವಾಗುವುದಿಲ್ಲ. ಆದರೆ ಮಂಚಕ್ಕೂ ಮರಕ್ಕೂ ಇಷ್ಟು ತಾಳ್ಮೆಯಿಂದ ಲಿಂಗವಿಚಾರವನ್ನು ಮಾಡಿದ ಜನರು, ಮಾತನಾಡಬಲ್ಲ ಮನುಷ್ಯನು ತನ್ನ ಲಿಂಗವನ್ನು ತಾನೇ ಹೇಳಿದಾಗ ಕಿವಿಮುಚ್ಚಿಕೊಳ್ಳುವುದು ಯಾವ ನ್ಯಾಯ?

ಎರಡನೆಯ ಪೂರ್ವಪಕ್ಷವು ಇನ್ನಷ್ಟು ಗೌರವಯುತವಾದುದು. ‘ನಮ್ಮ ಇತಿಹಾಸ ಪುರಾಣಗಳಲ್ಲಿ ಶಿಖಂಡಿಯಿಲ್ಲವೆ, ಸುದ್ಯುಮ್ನನಿಲ್ಲವೆ? ಹೊರನಾಡಿನ ದಿನಚರಿಯೇಕೆ?’ ಎಂಬುದೇ ಅದು. ಶಿಖಂಡಿಯಿರುವುದು ನಿಜ; ಅವನ ಕಥೆಯನ್ನು ತರುಣನು ಅವಶ್ಯವಾಗಿ ಓದಲಿ. ದ್ರುಪದನಿಗೆ ಮಗಳಾಗಿ ಹುಟ್ಟಿ, ಮಗನಾಗಿ ಬೆಳೆದು, ದಶಾರ್ಣದೇಶದ ರಾಜಕುಮಾರಿಯನ್ನು ಮದುವೆಯಾಗಿ, ಗುಟ್ಟು ಹೊರಬಿದ್ದಾಗ ಅಡವಿಗೆ ಹೋಗಿ, ಸ್ಥೂಣಾಕರ್ಣನೆಂಬ ಯಕ್ಷನಿಂದ ಪುರುಷತ್ವವನ್ನು ಪಡೆದ ಈ ಕಥೆಯು ಉದ್ಯೋಗಪರ್ವದಲ್ಲಿ ಬರುತ್ತದೆ. ಆದರೆ ಅದನ್ನು ಹೇಳುವವನು ಯಾರು? ಭೀಷ್ಮನು. ಯಾರಿಗೆ? ದುರ್ಯೋಧನನಿಗೆ. ಏತಕ್ಕೆ? ಶಿಖಂಡಿಯು ಹಿಂದೆ ಹೆಣ್ಣಾಗಿದ್ದವನಾದ್ದರಿಂದ ಅವನ ಮೇಲೆ ತಾನು ಬಾಣ ಬಿಡುವುದಿಲ್ಲವೆಂಬುದಕ್ಕೆ ಕಾರಣವಾಗಿ. ಶಿಖಂಡಿಯನ್ನು ಗಂಡೆಂದು ಒಪ್ಪದವನ ಬಾಯಿಂದಲೇ ಶಿಖಂಡಿಯ ಚರಿತ್ರೆಯು ಲೋಕಕ್ಕೆ ಬಂದಿದೆ. ಅವನು ಅಡವಿಯಲ್ಲಿ ಕುಳಿತಾಗ ಏನನ್ನು ಯೋಚಿಸಿದನು, ಯಕ್ಷನಿಂದ ಬೀಳ್ಕೊಂಡು ಊರಿಗೆ ಬರುವಾಗ ಅವನ ಮೈಗೆ ಗಾಳಿ ಹೇಗೆ ತಾಕಿತು ಎಂಬುದನ್ನು ಅವನೇ ಹೇಳಿದ ಪರ್ವವಿಲ್ಲ. ಭಾಗವತದ ಒಂಬತ್ತನೆಯ ಸ್ಕಂಧದ ಸುದ್ಯುಮ್ನನು ಗಂಡೂ ಹೆಣ್ಣೂ ಆಗಿ ಬಾಳಿ ರಾಜ್ಯವಾಳಿದನು; ಪ್ರಜೆಗಳು ಮಾತ್ರ ಅವನನ್ನು ಅಭಿನಂದಿಸಲಿಲ್ಲವೆಂದು ಪುರಾಣವೇ ಒಪ್ಪಿಕೊಂಡಿದೆ. ಆ ಪ್ರಜೆಗಳು ಇನ್ನೂ ಬದುಕಿದ್ದಾರೆಂಬುದೇ ಇಂದಿನ ಕಷ್ಟ. ಪುರಾಣವು ಈ ತರುಣನಿಗೆ ಹಿಂದಿನವರ ಹೆಸರುಗಳನ್ನು ಕೊಡಬಲ್ಲದು. ಒಡನಾಡಿಯ ದನಿಯನ್ನು ಕೊಡಲಾರದು.

ಮೂರನೆಯ ಪೂರ್ವಪಕ್ಷವು ಅಲಂಕಾರಶಾಸ್ತ್ರವನ್ನು ಬಲ್ಲವರದು. ‘ರಸಾನುಭವದಲ್ಲಿ ಸಾಧಾರಣೀಕರಣವಾಗುತ್ತದೆ. ರಾಮನ ಶೋಕವು ರಾಮನೊಬ್ಬನದಾಗಿ ಉಳಿಯದೆ ಸಹೃದಯರೆಲ್ಲರ ಹೃದಯಕ್ಕೆ ಸಲ್ಲುತ್ತದೆ. ಹಾಗಿರಲು ತನ್ನಂಥವನೇ ಆದ ನಾಯಕನು ಬೇಕೆಂಬುದು ಅರಸಿಕತೆ’ ಎಂದು ಅವರೆನ್ನುವರು. ಮಾತು ಬಲವಾದುದು. ಆದರೆ ಈ ತರುಣನು ಹುಟ್ಟಿದಂದಿನಿಂದ ಮಾಡಿಕೊಂಡು ಬಂದಿರುವುದು ಬೇರೇನು? ದುಷ್ಯಂತನ ವಿರಹವನ್ನು, ದಮಯಂತಿಯ ವಿರಹವನ್ನು, ಕಾದಂಬರಿಗಳಲ್ಲಿ ಬರುವ ನೂರಾರು ವಧೂವರರ ಸುಖದುಃಖಗಳನ್ನು ಅವನು ತನ್ನದಾಗಿಸಿಕೊಂಡು ಓದಿದ್ದಾನೆ. ಸೇತುವೆಯನ್ನು ಅವನೊಬ್ಬನೇ ದಾಟುತ್ತಿದ್ದಾನೆ. ಆ ದಡದಿಂದ ಇತ್ತ ಬರುವವರು ಯಾರೂ ಇಲ್ಲ. ಅವನಂಥವನು ಕಾವ್ಯದಲ್ಲಿಯೋ ನಾಟಕದಲ್ಲಿಯೋ ಕಾಣಿಸಿಕೊಂಡರೆ ಹಾಸ್ಯಕ್ಕೆ, ಇಲ್ಲವೆ ಬೀಭತ್ಸಕ್ಕೆ ಆಲಂಬನವಾಗಿ ಕಾಣಿಸಿಕೊಳ್ಳುತ್ತಾನೆ. ಶೃಂಗಾರಕ್ಕೂ ವೀರಕ್ಕೂ ಅವನು ಆಲಂಬನವಾಗುವ ಗ್ರಂಥವನ್ನು ಒಮ್ಮೆ ಅವನ ಕೈಗಿತ್ತರೆ ಸಾಧಾರಣೀಕರಣಕ್ಕೆ ಭಂಗವಿಲ್ಲ, ಅದು ಪೂರ್ಣವಾಗುತ್ತದೆ. ಅದೇ ಗ್ರಂಥವನ್ನು ಕೊಡುವ ಹಿರಿಯನೂ ಓದತಕ್ಕದ್ದು. ಸಹೃದಯತ್ವದ ಪರೀಕ್ಷೆಯು ಆಗ ಅವನಿಗೆ.

ನಾಲ್ಕನೆಯದು ಪೂರ್ವಪಕ್ಷವೆನ್ನುವುದಕ್ಕಿಂತ ಭಯವೆನ್ನಬೇಕು. ‘ಇಂಥ ಪುಸ್ತಕಗಳನ್ನೋದಿಯೇ ಹುಡುಗರು ಹೀಗಾಗುತ್ತಾರೆ’ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಮೇಘದೂತವನ್ನೋದಿದವರೆಲ್ಲ ಯಕ್ಷರಾಗಲಿಲ್ಲ. ಸಲಿವನ್ನನಿಗೆ ಯಾವ ಪುಸ್ತಕವೂ ದೊರೆಯಲಿಲ್ಲ. ಆದರೂ ಅವನು ಅವನೇ ಆದನು. ಪುಸ್ತಕವಿಲ್ಲದುದರಿಂದ ಆದ ವ್ಯತ್ಯಾಸವೊಂದೇ: ತಾನೊಬ್ಬನೇ ಇಂಥವನೆಂದು ಬಹುಕಾಲ ನಂಬಬೇಕಾಯಿತು. ಇನ್ನು ಆ ದಿನಚರಿಯಲ್ಲಿ ಶೃಂಗಾರವು ಬಿಚ್ಚುಮಾತಿನಲ್ಲಿದೆ ಎಂಬ ಆಕ್ಷೇಪವುಂಟು, ಇರುವುದು ನಿಜ. ಕುಮಾರಸಂಭವದ ಎಂಟನೆಯ ಸರ್ಗವನ್ನೂ ಅಮರುಕನನ್ನೂ ಗೀತಗೋವಿಂದವನ್ನೂ ಕಪಾಟಿನಲ್ಲಿಟ್ಟುಕೊಂಡ ಮನೆಗಳು ಪ್ರಾಯಕ್ಕೆ ಬಂದವನಿಗೆ ಈ ಒಂದು ಪುಸ್ತಕವನ್ನು ನಿಷೇಧಿಸುವುದಾದರೆ, ಅಲ್ಲಿ ಅಡ್ಡಿಯಾದುದು ಶೃಂಗಾರವಲ್ಲ. ಯಾರ ಶೃಂಗಾರವೆಂಬುದೇ ಅಡ್ಡಿ.

ಆಕ್ಷೇಪಗಳು ಇಲ್ಲಿಗೆ ಸಾಕು. ಕೊಡತಕ್ಕ ಪುಸ್ತಕಗಳನ್ನು ನೋಡಬೇಕು. ಮೊದಲನೆಯದು ಸಲಿವನ್ನನ ದಿನಚರಿಯೇ. 1961ರಿಂದ 1991ರವರೆಗಿನ ಬರಹದಿಂದ ಎಲಿಸ್ ಮಾರ್ಟಿನ್ ಮತ್ತು ಜ್ಯಾಕ್ ಓಜ್ಮಾ ಎಂಬವರು ಆಯ್ದು ಸಂಪಾದಿಸಿದ ಈ ಗ್ರಂಥವು ‘ವಿ ಬೋತ್ ಲಾಫ್ಡ್ ಇನ್ ಪ್ಲೆಷರ್’ ಎಂಬ ಹೆಸರಿನಿಂದ 2019ರಲ್ಲಿ ಪ್ರಕಟವಾಯಿತು. ಸುಖದಲ್ಲಿ ಇಬ್ಬರೂ ನಕ್ಕರೆಂಬ ಅರ್ಥದ ಆ ಹೆಸರೇ ಅದನ್ನು ಮೊದಲು ಕೊಡತಕ್ಕದ್ದೆಂಬುದಕ್ಕೆ ಸಾಕ್ಷಿ. ಕಷ್ಟವಿದೆ, ಸಾವೂ ಇದೆ; ಆದರೆ ನಗುವಿದೆ. ಒಂದು ಎಚ್ಚರಿಕೆಯನ್ನು ಮಾತ್ರ ಕೊಡುವವನು ಬಾಯಿಬಿಟ್ಟು ಹೇಳಬೇಕು. ಕಡೆಯ ಭಾಗದಲ್ಲಿ ಬರುವ ಏಡ್ಸ್ ರೋಗವು ಆ ಕಾಲದಲ್ಲಿ ಮರಣವೆಂದೇ ಅರ್ಥವಾಗಿತ್ತು. 1996ರಿಂದೀಚೆಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಬಂದು, ತಕ್ಕ ಔಷಧ ದೊರೆತವರು ದೀರ್ಘಕಾಲ ಬಾಳುತ್ತಿದ್ದಾರೆ. ಇದನ್ನು ತಿಳಿಸದೆ ಪುಸ್ತಕವನ್ನು ಕೊಟ್ಟರೆ ಮತ್ತೆ ದುಃಖಾಂತವನ್ನೇ ಕೊಟ್ಟಂತಾದೀತು. ಅದೇ ರೀತಿ 1980ರ ಕೈಪಿಡಿಯನ್ನು ಚರಿತ್ರೆಯೆಂದು ಓದಬಹುದೇ ಹೊರತು ಇಂದಿನ ವೈದ್ಯೋಪದೇಶವೆಂದು ಹಿಡಿಯಬಾರದು.

ಎರಡನೆಯದು ಸಲಿವನ್ನನೇ ಬರೆದ ಜೀವನಚರಿತ್ರೆ. ಸಾನ್ ಫ್ರಾನ್ಸಿಸ್ಕೋವಿನಲ್ಲಿ 1869ರಲ್ಲಿ ಹುಟ್ಟಿ, ಗಂಡಾಗಿ ಬಾಳಿ, 1936ರಲ್ಲಿ ತೀರಿಕೊಂಡ ಜ್ಯಾಕ್ ಬೀ ಗಾರ್ಲೆಂಡನ ವೃತ್ತಾಂತವನ್ನು ಹಳೆಯ ವೃತ್ತಪತ್ರಿಕೆಗಳಿಂದಲೂ ದಾಖಲೆಗಳಿಂದಲೂ ಕೂಡಿಸಿ 1990ರಲ್ಲಿ ಪ್ರಕಟಿಸಿದನು. ಗಾರ್ಲೆಂಡನು ಅರಸಿದುದು ಗಂಡಸರ ಒಡನಾಟವನ್ನೇ ಎಂಬುದು ಅಲ್ಲಿಯ ಪ್ರತಿಪಾದನೆ. ಸಾಯುವ ವರ್ಷದ ಹಿಂದಿನ ವರ್ಷದಲ್ಲಿ, ಶಕ್ತಿಗುಂದಿದ ದೇಹದಿಂದ, ಅವನು ಈ ಪುಸ್ತಕವನ್ನು ಮುಗಿಸಿದುದೇತಕ್ಕೆ? ತನಗಿಂತ ಹಿಂದೆಯೂ ಒಬ್ಬನಿದ್ದನೆಂದು ಮುಂದೆ ಬರುವವನಿಗೆ ತಿಳಿಯಲೆಂದು. ಪಿತೃಋಣವನ್ನು ತೀರಿಸುವುದೆಂದರೆ ಇದೇ. ಸಲಿವನ್ನನ ಬಾಳನ್ನು ಹೊರಗಿನಿಂದ ನೋಡಬಯಸಿದರೆ ಬ್ರೈಸ್ ಸ್ಮಿತ್ ಬರೆದು 2017ರಲ್ಲಿ ಪ್ರಕಟವಾದ ಜೀವನಚರಿತ್ರೆಯಿದೆ.

ಮೂರನೆಯದಕ್ಕೆ ಈ ದೇಶದ ಸಂಬಂಧವುಂಟು. 1915ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೈಕೇಲ್ ಡಿಲ್ಲನ್ನನು ಪರಿವರ್ತಿತ ಪುರುಷನಾಗಿ ಬಾಳಿದ ವೈದ್ಯನು. 1946ರಲ್ಲಿಯೇ ಈ ವಿಷಯವನ್ನು ಕುರಿತು ‘ಸೆಲ್ಫ್’ ಎಂಬ ಗ್ರಂಥವನ್ನು ಬರೆದನು. 1958ರಲ್ಲಿ ಪತ್ರಿಕೆಗಳು ಅವನ ಗುಟ್ಟನ್ನು ಬಯಲುಮಾಡಲು, ಭಾರತಕ್ಕೆ ಬಂದು ಬೌದ್ಧಸಂನ್ಯಾಸಿಯಾಗಿ ಲೋಬ್ಜಾಂಗ್ ಜೀವಕನೆಂಬ ಹೆಸರನ್ನು ತಾಳಿದನು. 1962ರ ಮೇ ತಿಂಗಳಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡನು. ಅವನ ಆತ್ಮಕಥೆಯಾದ ‘ಔಟ್ ಆಫ್ ದಿ ಆರ್ಡಿನರಿ’ ಅಚ್ಚಾದುದು 2016ರಲ್ಲಿ. ಐವತ್ತನಾಲ್ಕು ವರ್ಷ ಒಂದು ಹಸ್ತಪ್ರತಿಯು ಓದುಗನಿಲ್ಲದೆ ಬಿದ್ದಿತ್ತು! ಆ ಐವತ್ತನಾಲ್ಕು ವರ್ಷಗಳಲ್ಲಿ ಅದು ಬೇಕಾಗಿದ್ದ ತರುಣರು ಎಷ್ಟು ಮಂದಿಯೋ. ಡಿಲ್ಲನ್ನನು ಪುರುಷಪ್ರೇಮಿಯಲ್ಲ, ಆದುದರಿಂದ ಈ ಗ್ರಂಥವು ತರುಣನ ಅರ್ಧಪ್ರಶ್ನೆಗೆ ಮಾತ್ರ ಉತ್ತರ.

ಉಳಿದರ್ಧಕ್ಕೆ ಕನ್ನಡದಲ್ಲಿಯೇ ಉತ್ತರವಿದೆ. 2013ರಲ್ಲಿ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳಲ್ಲಿ ಗಂಡನ್ನು ಪ್ರೀತಿಸುವ ಗಂಡಿನ ಬಾಳು ತಾಯ್ನುಡಿಯಲ್ಲಿ ಮೂಡಿದೆ. ಬೆಂಗಳೂರಿನಲ್ಲಿ ಬಹುಕಾಲ ಕೆಲಸ ಮಾಡಿದ ರೇವತಿಯವರು ಇಂಗ್ಲಿಷಿನಲ್ಲಿ 2016ರಲ್ಲಿ ಹೊರತಂದ ‘ಎ ಲೈಫ್ ಇನ್ ಟ್ರಾನ್ಸ್ ಆಕ್ಟಿವಿಸಂ’ ಎಂಬ ಪುಸ್ತಕದಲ್ಲಿ ತಮ್ಮ ಕಥೆಯ ಜೊತೆಗೆ ದಕ್ಷಿಣದೇಶದ ಪರಿವರ್ತಿತ ಪುರುಷರ ಮಾತುಗಳನ್ನೂ ಸೇರಿಸಿದ್ದಾರೆ. ಅದೇ ರೇವತಿಯವರ ಆತ್ಮಕಥೆಯು ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದಿರುವುದು ಸಂತೋಷದ ವಿಷಯ. ಆದರೆ ಅದು ಹೆಣ್ಣಾಗಿ ಬಾಳಿದವರ ಕಥೆ. ಪರಿವರ್ತಿತ ಪುರುಷನು ಕೇಳಿದಾಗ ಅದೊಂದನ್ನೇ ಕೊಟ್ಟು ಕೈತೊಳೆದುಕೊಳ್ಳುವುದು, ಕಾಶಿಗೆ ಹೊರಟವನಿಗೆ ರಾಮೇಶ್ವರದ ದಾರಿ ತೋರಿದಂತೆ. ಎರಡೂ ಪುಣ್ಯಕ್ಷೇತ್ರಗಳೇ, ದಿಕ್ಕು ಮಾತ್ರ ಬೇರೆ.

ಇಷ್ಟನ್ನು ಕೊಟ್ಟ ಮೇಲೆ ಮತ್ತೊಂದನ್ನು ಮರೆಯಬಾರದು. ಆ ತರುಣನು ಪರಿವರ್ತಿತ ಪುರುಷನಷ್ಟೇ ಅಲ್ಲ. ಅವನಿಗೆ ಜ್ಯೋತಿಶ್ಶಾಸ್ತ್ರದಲ್ಲಿ ಆಸಕ್ತಿಯಿರಬಹುದು, ಪತ್ತೇದಾರಿ ಕಥೆಯಲ್ಲಿ ಹುಚ್ಚಿರಬಹುದು, ಕುಮಾರವ್ಯಾಸನಲ್ಲಿ ಭಕ್ತಿಯಿರಬಹುದು. ಇದುವರೆಗೆ ಏನನ್ನು ಓದಿ ಮೆಚ್ಚಿದನೆಂದು ಮೊದಲು ಕೇಳಿ, ಅದಕ್ಕೆ ಹೊಂದುವುದೊಂದನ್ನೂ ಜೊತೆಗೆ ಕೊಡುವುದೇ ಸರಿಯಾದ ಕ್ರಮ. ಆ ಪುಸ್ತಕಗಳನ್ನು ಕೇಳದೆ ಇದ್ದವನಿಗೆ ಮೇಲೆ ಹೇಳಿದುವನ್ನು ಒತ್ತಾಯದಿಂದ ಕೊಡುವುದೂ ತಪ್ಪೇ. ಯಾವ ಪುಸ್ತಕವು ಅವನ ಮನೆಯಲ್ಲಿ ಯಾರ ಕಣ್ಣಿಗೆ ಬಿದ್ದರೆ ಅವನಿಗೆ ಅಪಾಯವೆಂಬುದನ್ನು ಅವನೇ ಬಲ್ಲನು. ಅಂಥ ಭಯವಿದ್ದರೆ ಪುಸ್ತಕವನ್ನು ಹಿರಿಯನು ತನ್ನ ಮನೆಯಲ್ಲಿಯೇ ಇಟ್ಟು, ಅಲ್ಲಿಯೇ ಕುಳಿತು ಓದಲು ಒಂದು ಕುರ್ಚಿಯನ್ನು ಬಿಡಿಸಿಕೊಡಲಿ.

2014ನೆಯ ಇಸವಿಯ ಏಪ್ರಿಲ್ 15ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗವನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೆಂದು ತೀರ್ಪಿತ್ತಿತು. 2018ರ ಸೆಪ್ಟೆಂಬರ್ 6ರಂದು ಪ್ರಾಯಸ್ಥರ ಸಲಿಂಗಪ್ರೇಮವು ಅಪರಾಧವಲ್ಲವೆಂದಿತು. ನ್ಯಾಯಾಲಯದ ಕೆಲಸ ನ್ಯಾಯಾಲಯದ್ದು. ಜಿಲ್ಲಾ ಸಾಹಿತ್ಯ ಸಂಘಗಳ ಕೆಲಸವೂ ಒಂದಿದೆ: ಸಲಿವನ್ನನ ದಿನಚರಿಯಂಥ ಗ್ರಂಥಗಳನ್ನು ಕನ್ನಡಿಸುವುದು, ಕನ್ನಡನಾಡಿನ ಪರಿವರ್ತಿತ ಪುರುಷರು ತಮ್ಮ ಕಥೆಯನ್ನು ತಾವೇ ಬರೆದಾಗ ಅದನ್ನು ಅಚ್ಚುಹಾಕಿಸುವುದು. ಇಂಗ್ಲಿಷನ್ನರಿಯದ ತರುಣನು ಮುಂದಿನ ಬಾರಿ ಬಂದು ಕೇಳಿದಾಗ, ಪುಸ್ತಕವಿದೆ, ಆದರೆ ನಿನ್ನ ಭಾಷೆಯಲ್ಲಿಲ್ಲ ಎನ್ನುವುದು ಸಂಘಗಳಿಗೆ ಮಾನವಲ್ಲ.

ಕಡೆಯದಾಗಿ, ಪುಸ್ತಕವನ್ನು ಕೊಡುವಾಗ ಮೊದಲ ಪುಟದಲ್ಲಿ ಹೆಸರು ಬರೆದು ಕೊಡುವ ಪದ್ಧತಿಯಿದೆ. ಅವನಿಗೆ ತಂದೆತಾಯಿಗಳಿಟ್ಟ ಹೆಸರು ಯಾವುದಾಗಿತ್ತೆಂದು ವಿಚಾರಿಸುವುದು ಬೇಡ. ‘ಅವರು’ ಎಂಬ ಬಹುವಚನದ ಮರೆಯಲ್ಲಿ ನಿಂತು ನುಣುಚಿಕೊಳ್ಳುವುದೂ ಬೇಡ. ಅವನು ಹೇಳಿದ ಹೆಸರನ್ನು ಅವನು ಹೇಳಿದಂತೆಯೇ, ಚಿರಂಜೀವಿ ಎಂಬ ಪದವನ್ನು ಹಿಂದಿಟ್ಟು, ಸ್ಫುಟವಾದ ಅಕ್ಷರಗಳಲ್ಲಿ ಬರೆಯತಕ್ಕದ್ದು. ಪುಸ್ತಕದ ಒಳಗಿನದನ್ನು ಓದುವ ಮೊದಲೇ ಅವನು ಓದುವುದು ಆ ಒಂದು ಸಾಲನ್ನು.